ಅಟ್ಲಾಂಟಿಕ್ ದಾಟುವ ಹಾಯಿದೋಣಿಗೆ ಹೋಗುತ್ತಿದ್ದೇನೆ, ಬ್ಯಾಲೆನ್ಸ್‌ಗೆ ಯಾವ ವ್ಯಾಯಾಮ ಮಾಡಲಿ?

ಗೋಣಿಕೊಪ್ಪದಲ್ಲಿ ಕೂತು ನೀವು ಕೇಳಿದ್ದನ್ನೇ ಆರು ವರ್ಷದ ಹಿಂದೆ ಸೋಮವಾರಪೇಟೆಯಲ್ಲಿ ಕೂತು ನಾನೂ ಯೋಚಿಸುತ್ತಿದ್ದೆ. ಮೂರು ತಿಂಗಳು ದಿನಾ ಬೆಳಿಗ್ಗೆ ಅಂಗಳದಲ್ಲಿ ಒಂಟಿಕಾಲಲ್ಲಿ ನಿಂತೆ. ಅವ್ವ ನೋಡಿ ನೋಡಿ ಸಾಕಾಗಿ ಕೇಳುವುದನ್ನೇ ಬಿಟ್ಟರು. ಅಷ್ಟೂ ಅಭ್ಯಾಸ ಕಡಲಲ್ಲಿ ಒಂದು ದಿನಕ್ಕೂ ಉಪಯೋಗಕ್ಕೆ ಬರಲಿಲ್ಲ.

ನಮ್ಮದು 40 ಅಡಿ ದೋಣಿ, ನಾಲ್ಕು ಜನ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ನವೆಂಬರ್ ಕೊನೆಗೆ ಹೊರಟು ಕೆರಿಬಿಯನ್‌ನ ಸೇಂಟ್ ಲೂಸಿಯಾ ಮುಟ್ಟಿದೆವು. ಸುಮಾರು 2,700 ನಾಟಿಕಲ್ ಮೈಲು, ಅಂದರೆ 5,000 ಕಿಲೋಮೀಟರ್. 22 ದಿನ ಹಿಡಿಯಿತು. ಈ ದಾರಿಯಲ್ಲಿ ಹೆಚ್ಚಾಗಿ ಗಾಳಿ ಹಿಂದಿನಿಂದ ಬೀಸುತ್ತದೆ. ಪಕ್ಕದ ಗಾಳಿಯಾದರೆ ದೋಣಿ ಒಂದೇ ಕಡೆ ವಾಲಿಕೊಂಡು ಹೋಗುತ್ತದೆ, ಮೈ ಅದಕ್ಕೆ ಒಗ್ಗುತ್ತದೆ. ಹಿಂದಿನ ಗಾಳಿಗೆ ಹಾಗಲ್ಲ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಹಗಲೂ ರಾತ್ರಿ. ಆ ತೂಗಾಟಕ್ಕೆ ಒಗ್ಗಿಕೊಂಡೆ ಅನ್ನುವಷ್ಟರಲ್ಲಿ ಎಲ್ಲಿಂದಲೋ ಒಂದು ಅಡ್ಡ ಅಲೆ ಬಂದು ಹೊಡೆಯುತ್ತದೆ.

ಮೊದಲ ಎರಡು ದಿನ ವಾಂತಿ. ಮೂರನೇ ದಿನ ಹಸಿವಾಯಿತು. ವಾರ ಕಳೆಯುವಷ್ಟರಲ್ಲಿ ನನಗೆ ಬ್ಯಾಲೆನ್ಸ್ ಬಂದೇಬಿಟ್ಟಿತು ಅಂದುಕೊಂಡೆ. ಹನ್ನೊಂದನೇ ದಿನ ಆ ತಪ್ಪು ಮಾಡಿದೆ. ಅದನ್ನು ಬಿಡಿಸಿಯೇ ಹೇಳುತ್ತೇನೆ.

ಹಾಯಿದೋಣಿಯ ಒಲೆ ಗಿಂಬಲ್ ಮೇಲಿರುತ್ತದೆ. ಎರಡು ಪಕ್ಕಕ್ಕೆ ತಿರುಗಣೆ ಇಟ್ಟು ತೊಟ್ಟಿಲ ಹಾಗೆ ತೂಗಿಬಿಟ್ಟಿರುತ್ತಾರೆ. ದೋಣಿ ಎಷ್ಟು ವಾಲಿದರೂ ಒಲೆ ಮಟ್ಟವಾಗಿಯೇ ಇರುತ್ತದೆ. ಆದರೆ ಒಳಗೆ ನಿಂತವರ ಕಣ್ಣಿಗೆ ಇದು ಉಲ್ಟಾ ಕಾಣುತ್ತದೆ. ನೆಲ, ಗೋಡೆ, ಅಡುಗೆ ಕಟ್ಟೆ ಎಲ್ಲಾ ಒಟ್ಟಿಗೇ ವಾಲುತ್ತವಲ್ಲ, ಹಾಗಾಗಿ ಅವು ಅಲ್ಲಾಡದೆ ನಿಂತ ಹಾಗೆ ಕಾಣುತ್ತವೆ. ಒಲೆ ಒಂದೇ ತೂಗಾಡುತ್ತಿರುವ ಹಾಗೆ ಅನ್ನಿಸುತ್ತದೆ. ಕುಕ್ಕರಿನಲ್ಲಿ ಗಂಜಿ ಕುದಿಯುತ್ತಿತ್ತು. ಒತ್ತಡ ಇಳಿದ ಮೇಲೆ ಮುಚ್ಚಳ ತೆಗೆದೆ. ಉಪ್ಪಿನ ಡಬ್ಬಿ ಎಟುಕಲಿಲ್ಲ. ಒಲೆ ಎದುರು ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಬಿಚ್ಚಿದೆ. ತೂಗಾಡುವ ಒಲೆಗಿಂತ ಗಟ್ಟಿ ಕಟ್ಟೆ ವಾಸಿ ಅಂತ ಎರಡೂ ಕೈಯಲ್ಲಿ ಕುಕ್ಕರ್ ಎತ್ತಿ ಕಟ್ಟೆ ಮೇಲಿಟ್ಟೆ. ಮನೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ ಅಲ್ವಾ?

ಆ ದೋಣಿಯಲ್ಲಿ ಅಲ್ಲಾಡದೆ ಇದ್ದ ಒಂದೇ ಜಾಗದಿಂದ ಎತ್ತಿ, ವಾಲುತ್ತಿದ್ದ ಜಾಗಕ್ಕೆ ಇಟ್ಟಿದ್ದೆ. ಮುಚ್ಚಳ ಇಲ್ಲ. ಬೆಲ್ಟ್ ಇಲ್ಲ. ಹಿಡಿದುಕೊಳ್ಳಲು ಕೈ ಖಾಲಿ ಇಲ್ಲ. ಮೈಮೇಲೆ ಚಡ್ಡಿ, ಕಾಲು ಬರಿಗಾಲು. ಅಡ್ಡ ಅಲೆ ಬಂತು. ಗಂಜಿ ಬಲ ತೊಡೆಯಿಂದ ಪಾದದವರೆಗೆ ಸುರಿಯಿತು. ಗಂಜಿ ನೀರಿನ ಹಾಗೆ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ.

ಸ್ಕಿಪ್ಪರ್, ಅಂದರೆ ದೋಣಿಯ ಕ್ಯಾಪ್ಟನ್, ಇಪ್ಪತ್ತು ನಿಮಿಷ ಬಕೆಟ್‌ನಲ್ಲಿ ಸಮುದ್ರದ ನೀರು ಸುರಿದರು. ಕುಡಿಯುವ ನೀರನ್ನು ಅಷ್ಟು ಖರ್ಚು ಮಾಡುವ ಹಾಗಿರಲಿಲ್ಲ. ಸ್ಯಾಟಲೈಟ್ ಫೋನಿನಲ್ಲಿ ಡಾಕ್ಟರ್ ಹೇಳಿದ ಮಾತ್ರೆ, ಬ್ಯಾಂಡೇಜ್ ಆಯಿತು. ಉಳಿದ ಹನ್ನೊಂದು ದಿನ ನಾನು ಮಲಗಿದ್ದೆ. ನನ್ನ ರಾತ್ರಿ ಕಾವಲಿನ ಮೂರು ಗಂಟೆಯನ್ನು ಬೇರೆ ಮೂರು ಜನ ಹಂಚಿಕೊಂಡರು. ನಿದ್ದೆಗೆಟ್ಟು ಕೆಂಪಾದ ಅವರ ಕಣ್ಣು ನೋಡುವುದು ಸುಟ್ಟ ಗಾಯಕ್ಕಿಂತ ಕಷ್ಟವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ನೇರವಾಗಿ ಹೇಳುತ್ತೇನೆ. ಅಲ್ಲಿ ಬ್ಯಾಲೆನ್ಸ್ ಮಾಡಬಾರದು. ಹಿಡಿದುಕೊಳ್ಳಬೇಕು, ಒರಗಬೇಕು, ಕೂರಬೇಕು. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಕಾಳುಮೆಣಸು ಕುಯ್ಯುವವರನ್ನು ನೋಡಿ. ಅವರು ಏಣಿ ಮೇಲೆ ಸರ್ಕಸ್ ಮಾಡುವುದಿಲ್ಲ. ಏಣಿಯನ್ನು ಮರಕ್ಕೆ ಕಟ್ಟುತ್ತಾರೆ, ಚೀಲವನ್ನು ಮೈಗೆ ಕಟ್ಟಿಕೊಳ್ಳುತ್ತಾರೆ, ಒಂದು ತೋಳು ಮರದ ಸುತ್ತ ಇರುತ್ತದೆ. ಇದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ದೋಣಿಯಲ್ಲಿ ನೆನಪಾಗಲಿಲ್ಲ.

ಒಂದು ಕೈ ನಿಮಗೆ, ಒಂದು ಕೈ ದೋಣಿಗೆ. ಅಲ್ಲಿ ಎಲ್ಲರೂ ಹೇಳುವ ಮಾತು ಇದು. ಅಂದರೆ ಒಂದು ಕೈ ಹಿಡಿದುಕೊಳ್ಳಲು, ಇನ್ನೊಂದು ಕೆಲಸಕ್ಕೆ. ಮೆಟ್ಟಿಲು ಇಳಿಯುವಾಗ ಮುಖ ಮೆಟ್ಟಿಲಿನ ಕಡೆಗೇ ಇರಲಿ. ಪ್ಯಾಂಟ್ ಕೂತೇ ಹಾಕಿಕೊಳ್ಳಿ. ಗಂಡಸರೂ ಟಾಯ್ಲೆಟ್‌ನಲ್ಲಿ ಕೂರಲೇಬೇಕು. ಮಲಗುವಾಗ ಹಾಸಿಗೆ ಪಕ್ಕಕ್ಕೆ ಲೀ ಕ್ಲಾತ್ ಅಂತ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಕೆಳಗೆ ಬೀಳುತ್ತೀರಿ. ರಾತ್ರಿ ಮೇಲೆ ಬರುವಾಗ, ಹೊರಗೆ ಕಾಲಿಡುವ ಮೊದಲೇ ಹಾರ್ನೆಸ್, ಅಂದರೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ, ಅದರ ಹಗ್ಗವನ್ನು ದೋಣಿಗೆ ಸಿಕ್ಕಿಸಿ. ಗಂಟೆಗೆ ಆರು ನಾಟಿಕಲ್ ಮೈಲು ಅಂದರೆ ನಿಧಾನ ಅನ್ನಿಸುತ್ತದೆ. ನೀರಿಗೆ ಬಿದ್ದರೆ ಒಂದು ನಿಮಿಷದಲ್ಲಿ ದೋಣಿ ನಿಮ್ಮಿಂದ 185 ಮೀಟರ್ ದೂರ.

ಜಿಮ್‌ಗೆ ಕೊಡುವ ದುಡ್ಡಲ್ಲಿ ಮಂಗಳೂರಿಗೆ ಹೋಗಿ, ಪರಿಚಯದವರ ಮೀನಿನ ಬೋಟಿನಲ್ಲಿ ಎರಡು ಮೂರು ಸಲ ಹೊರಗೆ ಹೋಗಿ ಬನ್ನಿ. ಹೊಟ್ಟೆ ತೊಳಸಿದರೆ ಕಡಲು ಆಕಾಶ ಸೇರುವ ಗೆರೆ ನೋಡಿ, ಮೊಬೈಲ್ ನೋಡಬೇಡಿ. ವಾಂತಿ ಮಾತ್ರೆಯನ್ನು ಡಾಕ್ಟರ್‌ಗೆ ಕೇಳಿ ಊರಲ್ಲೇ ಒಮ್ಮೆ ತಗೊಂಡು ನೋಡಿ, ಕೆಲವರಿಗೆ ತುಂಬಾ ನಿದ್ದೆ ಬರುತ್ತದೆ.

ಇನ್ನೊಂದು. ಸ್ಕಿಪ್ಪರ್‌ಗೆ ಇವತ್ತೇ ಬರೆದು ಕೇಳಿ, ಒಲೆ ಎದುರು ಬೆಲ್ಟ್ ಇದೆಯಾ ಅಂತ. ಅಡುಗೆಗೆ ನಿಲ್ಲುವಾಗ ಮಳೆಗೆ ಹಾಕುವ ದಪ್ಪ ಪ್ಯಾಂಟು, ಬೂಟು ಹಾಕಿಕೊಳ್ಳಿ. ಸೆಖೆ ಆಗುತ್ತದೆ, ಆದರೂ ಹಾಕಿಕೊಳ್ಳಿ. ಉಪ್ಪು ಮೊದಲೇ ಹಾಕಿಬಿಡಿ.