ಪ್ರತಿಕ್ರಿಯೆ: ಗಪ್ಪಿ, ಬಸ್, ಮತ್ತೆ ಯೂನಿಯನ್ ಜಗಳ

ಅಮೆರಿಕದ ಪೈಲಟ್‌ಗಳು ಗಪ್ಪಿ, ಬಸ್, ಮ್ಯಾಡ್ ಡಾಗ್ ಅಂತಾರಲ್ಲ ಅದೇನು, ಒಂದೇ ಕಂಪನಿ ಪೈಲಟ್‌ಗಳು ಯೂನಿಯನ್ ಒಳಗೇ ಯಾಕೆ ಕಿತ್ತಾಡ್ತಾರೆ ಅಂತ ಕೇಳಿದೀರ. ಗಪ್ಪಿ ಅಂದ್ರೆ ಬೋಯಿಂಗ್ 737, ಬಸ್ ಅಂದ್ರೆ ಏರ್‌ಬಸ್, ಮ್ಯಾಡ್ ಡಾಗ್ ಅಂದ್ರೆ ಎಂಡಿ-80 ಅನ್ನೋ ವಿಮಾನ. ಇದೆಲ್ಲ ಬಾಯಿಮಾತು, ಫ್ಲೈಟ್ ಪ್ಲಾನಲ್ಲಿ ಹಾಕೋದು ಬಿ738, ಎ20ಎನ್ ಥರದ ಕೋಡ್, ಎರಡನೇದು ಏರ್‌ಬಸ್‌ನ ಎ320 ನಿಯೋ ಮಾದರಿ.

ಜಗಳದ ಬೇರು ಸೀನಿಯಾರಿಟಿ ಪಟ್ಟಿಲಿದೆ, ಅಂದ್ರೆ ಕಂಪನಿಗೆ ಯಾರು ಮೊದಲು ಸೇರಿದ್ರು ಅನ್ನೋ ಕ್ರಮದ ಪಟ್ಟಿ. ಅಮೆರಿಕದ ಬಹಳಷ್ಟು ವಿಮಾನ ಕಂಪನಿಗಳಲ್ಲಿ ದೊಡ್ಡ ವಿಮಾನಕ್ಕೆ ಗಂಟೆ ಲೆಕ್ಕದ ಸಂಬಳ ಜಾಸ್ತಿ, ಅದಕ್ಕೆ ಹೋಗೋಕೆ, ಕ್ಯಾಪ್ಟನ್ ಆಗೋಕೆ, ರಜೆ ತಗೊಳೋಕೆ ಎಲ್ಲಕ್ಕೂ ಪಟ್ಟಿಲಿ ನಿಮ್ಮ ನಂಬರೇ ಮುಖ್ಯ, ಕಂಪನಿ ಬದಲಾಯಿಸಿದ್ರೆ ಸಾಮಾನ್ಯವಾಗಿ ಮತ್ತೆ ಕೊನೆಯಿಂದ ಶುರು. ಹಾಗಾಗಿ ಎರಡು ಕಂಪನಿ ಸೇರಿದಾಗ ಯಾರು ಯಾರ ಮೇಲೆ ಅನ್ನೋದು ಇಡೀ ವೃತ್ತಿಜೀವನದ ಪ್ರಶ್ನೆ ಆಗುತ್ತೆ.

2005ರಲ್ಲಿ ಯುಎಸ್ ಏರ್‌ವೇಸ್, ಅಮೆರಿಕ ವೆಸ್ಟ್ ಅನ್ನೋ ಎರಡು ವಿಮಾನ ಕಂಪನಿ ಸೇರಿದ್ವು, 2007ರಲ್ಲಿ ಮಧ್ಯಸ್ಥಗಾರರು ಕೊಟ್ಟ ಪಟ್ಟಿಲಿ ಲೇಆಫ್ ಆಗಿದ್ದ (ಸದ್ಯಕ್ಕೆ ಕೆಲಸ ಇಲ್ಲ ಅಂತ ಮನೆಗೆ ಕಳಿಸಿದ್ದ) ಹಳೇ ಯುಎಸ್ ಏರ್‌ವೇಸ್ ಪೈಲಟ್‌ಗಳು ಕೆಳಗೆ ಹೋದ್ರು, ಅವರ ಕಡೆಯವರು ಸಿಟ್ಟಾಗಿ 2008ರಲ್ಲಿ ಯೂನಿಯನ್ನೇ ಬದಲಾಯಿಸಿಬಿಟ್ರು, ಕೇಸು ವರ್ಷಗಟ್ಟಲೆ ಎಳೀತು. ನನಗನ್ಸೋದು, ಅದನ್ನ ಬರೀ ದುರಾಸೆ ಅನ್ನೋದು ತಪ್ಪು, ಎರಡೂ ಕಡೆಯವರು ನಿಜವಾಗ್ಲೂ ಕಳ್ಕೊಳ್ಳೋದಿತ್ತು.