ಸಂಪಾದಕರ ಉತ್ತರ: ಅಜ್ಜ ಯಾವ ಸೈನ್ಯದಲ್ಲಿದ್ದರು?

ಕೋಲಾರ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೋರಿ ಬರೆದ ಪತ್ರದ ಸಾರಾಂಶ ಇದು. ಅವರ ತಾಯಿಯ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, 1978ರಲ್ಲಿ ತೀರಿಕೊಂಡರು. ಈಚೆಗೆ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಹಿತ್ತಾಳೆ ಬಣ್ಣದ ಆರು ಮೂಲೆಯ ನಕ್ಷತ್ರ, ಬಿಳಿ ಲೋಹದ ದುಂಡು ಪದಕ ಮತ್ತು ಮಡಿಕೆಯಲ್ಲಿ ಹರಿದ ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕಿವೆ. ಆ ಕಾಗದದಲ್ಲಿ ಒಂದು ನಂಬರು, ಮದ್ರಾಸ್ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಎಂಬ ಹೆಸರು ಮತ್ತು 1946 ಎಂಬ ಇಸವಿಯನ್ನಷ್ಟೇ ಅವರು ಓದಿದ್ದಾರೆ. ಸೋದರಮಾವ "ಅಪ್ಪ ನೇತಾಜಿ ಸೈನ್ಯದಲ್ಲಿದ್ದರು" ಅನ್ನುತ್ತಾರೆ. ತಾಯಿ "ಬ್ರಿಟಿಷರ ಪಟಾಲಮ್ಮಿನಲ್ಲಿ ಅಡುಗೆ ಮಾಡ್ತಿದ್ರು" ಅನ್ನುತ್ತಾರೆ. ಯಾರ ಮಾತು ನಿಜ, ಎಲ್ಲಿ ವಿಚಾರಿಸಬೇಕು, ಬ್ರಿಟಿಷರ ಕಡೆ ದುಡಿದಿದ್ದರೆ ಅದನ್ನು ಬರೆದಿಡುವುದು ಸರಿಯೇ ಎಂದು ಕೇಳಿದ್ದಾರೆ.

ಪ್ರಿಯ ಸೋದರಿ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅದು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಮಿಕ್ಕ ಕೆಲಸಕ್ಕೆ ಕೈ ಏಳುವುದಿಲ್ಲ. ಖಂಡಿತ ಬರೆದಿಡಿ. ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಕಡ್ಡಾಯ ಭರ್ತಿ ಇರಲಿಲ್ಲ ಎನ್ನುವುದು ನಿಜ, ಆದರೆ ಹೊಟ್ಟೆಪಾಡು, ಸಾಲ, ಮನೆಗೆ ತಿಂಗಳು ತಿಂಗಳು ಬರುವ ಮನಿಯಾರ್ಡರು ಎಷ್ಟೋ ಜನರನ್ನು ಭರ್ತಿಯ ಸಾಲಿನಲ್ಲಿ ನಿಲ್ಲಿಸಿದವು. 1944ರಲ್ಲಿ ಇಂಫಾಲದ ಬೆಟ್ಟಗಳಲ್ಲಿ ಎರಡೂ ಕಡೆ ಬಂದೂಕು ಹಿಡಿದವರಲ್ಲಿ ನಮ್ಮವರಿದ್ದರು. ಕೆಂಪುಕೋಟೆಯಲ್ಲಿ ನೇತಾಜಿ ಸೈನ್ಯದ, ಅಂದರೆ ಐಎನ್‌ಎಯ, ಅಧಿಕಾರಿಗಳ ವಿಚಾರಣೆ ಶುರುವಾದದ್ದು 1945ರ ನವೆಂಬರಿನಲ್ಲಿ. ದೇಶವೇ ಅವರ ಪರ ನಿಂತಿತು. ಅದರ ಮರುವರ್ಷ ಖಾಕಿ ಕಳಚಿಟ್ಟು ಊರಿಗೆ ಬಂದ ಒಬ್ಬ ಸಾಮಾನ್ಯ ಸಿಪಾಯಿಗೆ ತಾನು ಯಾರ ಕಡೆಯಿದ್ದೆ ಎಂದು ಅರಳೀಕಟ್ಟೆಯಲ್ಲಿ ಕೂತು ಹೇಳಿಕೊಳ್ಳುವುದು ಸುಲಭವಿತ್ತೇ? ನಿಮ್ಮ ಮಾವನವರ ಮಾತು ಆ ಹಿಂಜರಿಕೆಯಿಂದ ಹುಟ್ಟಿರಬಹುದು. ನಿಜವೇ ಆಗಿರಲೂಬಹುದು. ಅದನ್ನು ತೀರ್ಮಾನಿಸಬೇಕಾದ್ದು ನಾನೂ ಅಲ್ಲ, ಅವರೂ ಅಲ್ಲ. ನಿಮ್ಮ ಕೈಯಲ್ಲಿರುವ ವಸ್ತುಗಳನ್ನೇ ಕೇಳೋಣ.

ಮೊದಲು ನಕ್ಷತ್ರ. ನಡುವೆ ದೊರೆಯ ಮುದ್ರೆ ಇರುತ್ತದೆ, ಅದರ ಸುತ್ತಲಿನ ಬಳೆಯಲ್ಲಿ ಪದಕದ ಹೆಸರನ್ನು ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಭೂತಕನ್ನಡಿ ಹಿಡಿದು ಓದಿ. ರಿಬ್ಬನ್ನಿನ ನಡುವೆ ಅಗಲವಾದ ಕೆಂಪು ಪಟ್ಟೆ, ಎರಡೂ ಕಡೆ ಕಡುನೀಲಿ, ಆ ನೀಲಿಯ ಮಧ್ಯೆ ಸಣ್ಣ ಕಿತ್ತಳೆ ಗೆರೆ ಇದೆ ಎಂದು ಬರೆದಿದ್ದೀರಿ. ಅದು ಬರ್ಮಾ ರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಬರ್ಮಾ ಸ್ಟಾರಿನ ರಿಬ್ಬನ್. ಆದರೆ ರಿಬ್ಬನ್ ಅದಲುಬದಲಾಗಿರುವುದುಂಟು, ಹಾಗಾಗಿ ಬಳೆಯ ಮೇಲಿನ ಹೆಸರನ್ನೇ ನಂಬಿ. ದುಂಡು ಪದಕದ ಒಂದು ಮುಖದಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ಸಿಂಹವಿದ್ದರೆ ಅದು ವಾರ್ ಮೆಡಲ್. ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್. ದುಂಡು ಪದಕದ ಅಂಚು, ನಕ್ಷತ್ರದ ಬೆನ್ನು ಎರಡನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಂಬರು, ಹೆಸರು ಕೊರೆದಿದ್ದರೆ ಅದನ್ನು ಡಿಸ್ಚಾರ್ಜ್ ಕಾಗದದ ನಂಬರಿಗೆ ತಾಳೆ ಹಾಕಿ. ಏನೂ ಇಲ್ಲದಿದ್ದರೆ ಪದಕ ಸುಳ್ಳು ಎಂದುಕೊಳ್ಳಬೇಡಿ.

ಇದು ನೇತಾಜಿ ಸೈನ್ಯದ ಮಾತಿಗೆ ಹೇಗೆ ಸಂಬಂಧ? ಐಎನ್‌ಎಗೆ ಸೇರಿದ ಸೈನಿಕರಲ್ಲಿ ಬಹುಪಾಲು ಮಲಯ ಮತ್ತು ಸಿಂಗಾಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕವರು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಸೆರೆಯಾದ ಭಾರತೀಯರು ಸುಮಾರು 40,000. ಮೈಸೂರು ಸಂಸ್ಥಾನದ ಪಡೆಯ ಒಂದನೇ ಮೈಸೂರು ಇನ್‌ಫೆಂಟ್ರಿಯೂ ಅಲ್ಲೇ ಸೆರೆಸಿಕ್ಕಿತು. ಆ ಕಡೆ ಸೇವೆ ಸಲ್ಲಿಸಿದವರಿಗೆ ಸಲ್ಲುವುದು ಪೆಸಿಫಿಕ್ ಸ್ಟಾರ್. ಅದರ ರಿಬ್ಬನ್ನಿನಲ್ಲಿ ಹಸಿರು ಎದ್ದು ಕಾಣುತ್ತದೆ, ನಡುವೆ ಹಳದಿ ಗೆರೆ. ನಿಮ್ಮಜ್ಜನದು ಬರ್ಮಾ ಸ್ಟಾರೇ ಆಗಿದ್ದು, 1946ರಲ್ಲಿ ಕ್ರಮಪ್ರಕಾರ ಬಿಡುಗಡೆ ಪತ್ರವೂ ಸಿಕ್ಕಿದ್ದರೆ, ಅವರು ಬರ್ಮಾ ಗಡಿಯಲ್ಲಿ ಬ್ರಿಟಿಷ್ ಭಾರತದ ಸೈನ್ಯದಲ್ಲೇ ಇದ್ದರು ಎನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ಕಾಗದದಲ್ಲಿ ಬಿಡುಗಡೆಗೆ ಕಾರಣ, ನಡತೆ ಎಂಬ ಎರಡು ಅಂಶ ಎಲ್ಲಿವೆ ಹುಡುಕಿ. ನಡತೆ ಒಳ್ಳೆಯದೆಂದು ಬರೆದಿದ್ದರೆ ಐಎನ್‌ಎ ಕಥೆ ನಿಲ್ಲುವುದು ಕಷ್ಟ, ಏಕೆಂದರೆ ಅಲ್ಲಿಂದ ಮರಳಿದವರಲ್ಲಿ ಬಹಳ ಜನರನ್ನು ಸಂಬಳ ಮುಟ್ಟುಗೋಲು ಹಾಕಿ ಹೊರಗಟ್ಟಿದರು. ಇನ್ನೊಂದನ್ನು ಮಾವನವರನ್ನೇ ಕೇಳಿ: 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುಮಾಡಿದಾಗ, ಐಎನ್‌ಎದವರಿಗೂ ಅವಕಾಶವಿದ್ದಾಗ, ಬದುಕಿದ್ದ ಅಜ್ಜ ಅರ್ಜಿ ಹಾಕಿದ್ದರೇ?

ಈಗ ವಿಚಾರಿಸುವ ಜಾಗ. ನಿಮ್ಮ ಅದೃಷ್ಟಕ್ಕೆ ಅದು ಬೆಂಗಳೂರಿನಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ), ಹಲಸೂರು ಕೆರೆಯ ಮಗ್ಗುಲಲ್ಲಿದೆ. ಎಲ್ಲರಿಗೂ ಹೀಗೆ ಹತ್ತಿರ ಸಿಗುವುದಿಲ್ಲ. ಜನರಲ್ ತಿಮ್ಮಯ್ಯನವರು ಬರ್ಮಾದಲ್ಲಿ ಮುನ್ನಡೆಸಿದ್ದು 19ನೇ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ನನ್ನು. ಅದರ ಹೆಸರು 1945ರಲ್ಲಿ ಕುಮಾವೂನ್ ಎಂದಾಯಿತು, ಅದರ ಕೇಂದ್ರ ಹಿಮಾಲಯದ ರಾಣಿಖೇತ್‌ನಲ್ಲಿದೆ. ಹೆಸರು ನೋಡಿ ಹೈದರಾಬಾದಿಗೆ ಹೋದರೆ ಬರಿಗೈ. ಕೆಲವು ರೆಜಿಮೆಂಟುಗಳಂತೂ ದೇಶ ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋದವು.

ಎಂಇಜಿಯ ರೆಕಾರ್ಡ್ಸ್ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ನಂಬರು, ಹೆಸರು, ತಂದೆಯ ಹೆಸರು, ಆಗಿನ ಹಳ್ಳಿ ಮತ್ತು ತಾಲ್ಲೂಕು, ಭರ್ತಿಯಾದ ಅಂದಾಜು ವರ್ಷ, ಬಿಡುಗಡೆಯ ವರ್ಷ ಇಷ್ಟೂ ಇರಲಿ. ಡಿಸ್ಚಾರ್ಜ್ ಕಾಗದದ ನಕಲು, ಮರಣ ಪ್ರಮಾಣಪತ್ರ, ನೀವು ಮೊಮ್ಮಗಳು ಎನ್ನುವುದಕ್ಕೆ ವಂಶವೃಕ್ಷದ ದಾಖಲೆ ಲಗತ್ತಿಸಿ. ನಿಮ್ಮ ತಾಯಿಯವರ ಹೆಸರಿನಲ್ಲೇ ಅರ್ಜಿ ಹೋದರೆ ಇನ್ನೂ ಒಳ್ಳೆಯದು. ಇಲ್ಲಿ ಒಂದು ಮಾತನ್ನು ಮರೆಯದೆ ಬರೆಯಬೇಕು. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸೈನಿಕರ ಸೇವಾ ಕಡತವನ್ನು 25 ವರ್ಷಗಳ ನಂತರ ನಾಶಮಾಡುವ ನಿಯಮವಿದೆ. ಯುದ್ಧಕ್ಕೆಂದು ಸೇರಿ ಯುದ್ಧ ಮುಗಿದೊಡನೆ ಮನೆಗೆ ಬಂದ ನಿಮ್ಮಜ್ಜನಂಥವರಲ್ಲಿ ಹೆಚ್ಚಿನವರು ಈ ಗುಂಪಿಗೇ ಸೇರಿದವರು. "ಕಡತ ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂದರೆ ಅಲ್ಲಿಗೆ ಕೈಚೆಲ್ಲಿ ಕೂರುತ್ತಾರೆ ಜನ. ಆದರೆ ಕಡತ ಹೋದರೂ ಲಾಂಗ್ ರೋಲ್ ಎಂಬ, ಸೈನಿಕರ ಹೆಸರುಪಟ್ಟಿಯ ರಿಜಿಸ್ಟರನ್ನು ಕಚೇರಿ ಉಳಿಸಿಕೊಂಡಿರುತ್ತದೆ. ಅದರಲ್ಲಿ ಒಬ್ಬೊಬ್ಬರ ಬಗ್ಗೆ ಹೆಚ್ಚೇನೂ ಇರುವುದಿಲ್ಲ, ಆದರೆ ಅಷ್ಟೇ ನಿಮಗೆ ಬೇಕಾಗಿರುವುದು. ಹಾಗಾಗಿ "ಸೇವಾ ಕಡತ ನಾಶವಾಗಿದ್ದರೆ ಲಾಂಗ್ ರೋಲಿನ ನಮೂದಿನ ಪ್ರತಿಯನ್ನಾದರೂ ಕೊಡಿ" ಎಂದು ಸ್ಪಷ್ಟವಾಗಿ ಕೇಳಿ. ಉತ್ತರ ಬರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅದೇ ಪ್ರಶ್ನೆ ಹಾಕಿ.

ಊರಲ್ಲೂ ಒಂದು ದಾರಿ ಇದೆ, ಯಾರಿಗೂ ಹೊಳೆಯುವುದಿಲ್ಲ. ಅಜ್ಜನಿಗೆ ಮಾಜಿ ಸೈನಿಕ ಎಂದು ಸರ್ಕಾರಿ ಜಮೀನು ಮಂಜೂರಾಗಿತ್ತೇ? ಆಗಿದ್ದರೆ ತಾಲ್ಲೂಕು ಕಚೇರಿಯ ದರಖಾಸ್ತು ಕಡತದಲ್ಲಿ ಅವರ ಡಿಸ್ಚಾರ್ಜ್ ಕಾಗದದ ನಕಲು, ಹರಿಯದೆ ಓದಲು ಬರುವಂಥದ್ದು, ಕೂತಿರಬಹುದು.

ಅಡುಗೆಯ ವಿಷಯ. ನಿಮ್ಮ ಪತ್ರದಲ್ಲಿ ಅದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಬರೆದಿದ್ದೀರಿ ಅನ್ನಿಸಿತು. ದಯವಿಟ್ಟು ಹಾಗೆ ನೋಡಬೇಡಿ. ಸ್ಯಾಪರುಗಳ ಕೆಲಸ ರಸ್ತೆ, ಸೇತುವೆ, ಮೈನು ತೆಗೆಯುವುದು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾದಲ್ಲಿ ಚಿಂದ್ವಿನ್ ನದಿಗೆ 1,154 ಅಡಿ ಉದ್ದದ ಬೈಲಿ ಸೇತುವೆ (ಉಕ್ಕಿನ ಬಿಡಿಭಾಗ ಜೋಡಿಸಿ ನಿಲ್ಲಿಸುವಂಥದ್ದು) ಕಟ್ಟಿದ್ದು ಎಂಜಿನಿಯರ್ ಕಂಪನಿಗಳು. ಅಂಥ ಕಡೆ ಹಗಲಿರುಳು ಕಬ್ಬಿಣ ಹೊತ್ತವರಿಗೆ, ಮಲೇರಿಯಾದ ಕಾಡಿನಲ್ಲಿ, ಮಳೆಯಲ್ಲಿ ಒಲೆ ಹೊತ್ತಿಸಿ ಹೊತ್ತಿಗೆ ಸರಿಯಾಗಿ ಊಟ ಹಾಕಿದವರೂ ಅದೇ ಯುದ್ಧದಲ್ಲಿದ್ದವರು. ಬರ್ಮಾ ಸ್ಟಾರ್ ಅವರಿಗೂ ಸಲ್ಲುತ್ತಿತ್ತು. ಬ್ರಿಟಿಷರ ಶೌರ್ಯ ಪದಕ ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಸುಬೇದಾರ್ ಸುಬ್ರಮಣ್ಯನ್ ಇದೇ ಮದ್ರಾಸ್ ಸ್ಯಾಪರ್ಸ್‌ನವರು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ಮೈನಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಅವರ ಬಗ್ಗೆ ಹೆಮ್ಮೆ ಪಡೋಣ, ಹಾಗಂತ ನಿಮ್ಮಜ್ಜನನ್ನು ಅವರಂತೆ ಮಾಡಲು ಹೋಗುವುದು ಬೇಡ.

ಲಾಂಗ್ ರೋಲಿನಿಂದಲೋ ಡಿಸ್ಚಾರ್ಜ್ ಕಾಗದದಿಂದಲೋ ಅಜ್ಜನ ಕಂಪನಿಯ ನಂಬರು ಗೊತ್ತಾದರೆ ಮುಂದಿನ ಬಾಗಿಲು ತೆರೆಯುತ್ತದೆ. ಒಂದೊಂದು ಕಂಪನಿಯೂ ಯುದ್ಧದ ದಿನಚರಿ ಬರೆಯುತ್ತಿತ್ತು. ಆಗ್ನೇಯ ಏಷ್ಯಾದ ದಿನಚರಿಗಳು ಲಂಡನ್ ಬಳಿಯ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯುಒ 172 ಎಂಬ ಸರಣಿಯಲ್ಲಿವೆ. ಹಣ ಕಟ್ಟಿದರೆ ನಕಲು ಕಳಿಸುತ್ತಾರೆ, ಅಲ್ಲಿರುವ ಬಂಧುಗಳಿದ್ದರೆ ಒಂದು ದಿನ ಹೋಗಿ ಫೋಟೊ ತೆಗೆದುಕೊಂಡು ಬರಬಹುದು. ಅಜ್ಜನ ಹೆಸರನ್ನು ಅದರಲ್ಲಿ ನಿರೀಕ್ಷಿಸಬೇಡಿ, ಅಧಿಕಾರಿಗಳ ಹೆಸರು ಬಿಟ್ಟರೆ ಮಿಕ್ಕವರು ಬರೀ ಲೆಕ್ಕ. ಆದರೆ ಆ ಕಂಪನಿ ಯಾವ ದಿನ ಯಾವ ಊರಲ್ಲಿತ್ತು, ಯಾವ ಹಳ್ಳಕ್ಕೆ ಸೇತುವೆ ಹಾಕಿತು ಎನ್ನುವುದು ತಾರೀಖಿನೊಂದಿಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ಅಜ್ಜನ ಹೆಸರು ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು 1947ರ ಕೊನೆಯೊಳಗೆ ಮಡಿದವರ ಪಟ್ಟಿ. ಒಂದೇ ಹೆಸರಿನ ಇನ್ಯಾರದೋ ಸಾವನ್ನು ನಿಮ್ಮ ಮನೆಗೆ ತಂದುಕೊಂಡಂತಾಗುತ್ತದೆ.

ಕಚೇರಿಯ ಉತ್ತರಕ್ಕೆ ಕಾಯುವಾಗ ತಾಯಿ ಮತ್ತು ಮಾವ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಯುದ್ಧದ ಬಗ್ಗೆ ಹೇಳಿ" ಎಂದರೆ ಏನೂ ಬರುವುದಿಲ್ಲ. ಅಜ್ಜ ಸಿಟ್ಟು ಬಂದಾಗ ಹಿಂದೂಸ್ತಾನಿಯಲ್ಲಿ ಏನು ಬೈಯುತ್ತಿದ್ದರು? ಯಾವ ನದಿ, ಯಾವ ಊರಿನ ಹೆಸರು ಹೇಳುತ್ತಿದ್ದರು? ಹಳದಿ ಮಾತ್ರೆಯ ಮಾತು ಎತ್ತಿದ್ದರೇ? ಬರ್ಮಾದಲ್ಲಿದ್ದವರಿಗೆ ಮಲೇರಿಯಾಕ್ಕೆಂದು ಮೆಪಾಕ್ರಿನ್ ನುಂಗಿಸುತ್ತಿದ್ದರು, ಚರ್ಮವೇ ಹಳದಿಯಾಗುತ್ತಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಆಮೇಲೆ ಕೇಳಿಸಿ, ಮೊದಲೇ ಬೇಡ. ಮಾವನವರ ಮಾತು ಕಾಗದಕ್ಕೆ ಹೊಂದದೆ ಹೋದರೂ ಅದನ್ನು ಅಳಿಸಬೇಡಿ, ಅವರ ಹೆಸರಿನಲ್ಲೇ ಬರೆದಿಡಿ.

ನಕ್ಷತ್ರವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕೊರೆದ ಅಕ್ಷರ ಸವೆಯುತ್ತದೆ. ಡಿಸ್ಚಾರ್ಜ್ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚುವುದಾಗಲಿ ಲ್ಯಾಮಿನೇಷನ್ ಮಾಡಿಸುವುದಾಗಲಿ ಬೇಡ. ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ ನಮಗೂ ಒಂದು ಪ್ರತಿ ಕಳಿಸಿ. ಮಡಿಕೆಯಲ್ಲಿ ಮಾಸಿದ ಅಕ್ಷರಗಳನ್ನು ಓದಲು ನಮ್ಮ ಕಚೇರಿಯವರೆಲ್ಲ ಪ್ರಯತ್ನಿಸುತ್ತೇವೆ.