ಹೆಂಗೂ ಖಾಲಿ ಅದೀರಲ್ರಿ!

ಓದುಗರ ಪತ್ರ: ಒಂದು ಪತ್ರಿಕೆಯ ಕಲಬುರಗಿ ಆವೃತ್ತಿಯಲ್ಲಿ 14 ವರ್ಷ ಉಪಸಂಪಾದಕನಾಗಿದ್ದೆ. ಪುಟ ಕಟ್ಟುವ ಕೆಲಸವೆಲ್ಲ ಬೆಂಗಳೂರಿಗೆ ಹೋಯಿತು. ನಾವು ಆರು ಜನ ಮನೆಗೆ ಬಂದೆವು. ಎಂಟು ತಿಂಗಳಾಯಿತು. ನೌಕರಿ ಇದ್ದಾಗ ರಾತ್ರಿ ಪಾಳಿ ಮುಗಿಸಿ ಬಂದು ಕತೆ ಬರೆಯುತ್ತಿದ್ದೆ. ಈಗ ಇಡೀ ದಿನ ನನ್ನದೇ, ಆದರೆ ಒಂದು ಸಾಲೂ ಆಗಿಲ್ಲ. ಗಂಜಿನ (ಇಲ್ಲಿಯ ಕಾಳುಕಡಿ ಸಗಟು ಮಾರುಕಟ್ಟೆಯ) ಒಂದು ದಾಲ್ ಮಿಲ್ಲಿನವರು ಲೆಕ್ಕ ಬರೆಯಲು ಕರೆದಿದ್ದಾರೆ. 'ಹೋಗಬೇಡ, ಬರವಣಿಗೆ ಸತ್ತೇ ಹೋಗುತ್ತದೆ. ಬೇಂದ್ರೆಯವರಿಗೂ ನೌಕರಿ ಇರಲಿಲ್ಲ' ಎಂದು ಗೆಳೆಯರು ತಡೆಯುತ್ತಿದ್ದಾರೆ. ನೀವೇನು ಹೇಳುತ್ತೀರಿ? (ಹೆಸರು ಹಾಕಬೇಡಿ.)

ಸಂಪಾದಕರ ಉತ್ತರ: ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೇಲೆ ಹಾಕಿರುವುದು ಸಾರ ಮಾತ್ರ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಆಮೇಲೆ ಅದಕ್ಕೆ ಬರುತ್ತೇನೆ.

ಮೊದಲು ಜಗಳ. ಎಂಟು ತಿಂಗಳಿಂದ ಒಂದು ಸಾಲೂ ಬರೆದಿಲ್ಲ ಅಂತೀರಿ. ಹಾಗಾದರೆ ಈ ನಾಲ್ಕು ಪುಟ ಬರೆದವರು ಯಾರು? ಎದುರು ಮನೆಯವರ ಕಣ್ಣಿಗೆ ಬೀಳಲಿ ಅಂತ ಬೆಳಗ್ಗೆ 10ಕ್ಕೆ ಸರಿಯಾಗಿ ಬ್ಯಾಗ್ ಹಾಕಿಕೊಂಡು ಹೊರಡುತ್ತೀರಿ. ಪಬ್ಲಿಕ್ ಗಾರ್ಡನ್ನಿನ ಬೆಂಚು, ಗ್ರಂಥಾಲಯದ ಪೇಪರ್ ಮೇಜು, ಬಿಸಿಲು ಇಳಿದ ಮೇಲೆ ಅಪ್ಪನ ಕೆರೆಯ ದಂಡೆ. ಪೇಪರ್ ಮೇಜಿನ ಮೇಲೆ ನಿಮ್ಮದೇ ಹಳೆಯ ಪತ್ರಿಕೆ. 'ಅಕ್ಷರ ತಪ್ಪು ಕಂಡ ಕಡೆಯೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕಿದೆ, ಅಲ್ಲಿಯವರು ಬಂದು ಬೈದರು' ಎಂದು ಬರೆದಿದ್ದೀರಿ. ಓದಿ ಜೋರಾಗಿ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಇನ್ನು ನೀವು ಕೊಟ್ಟಿರುವ ಕೆಲಸಗಳ ಪಟ್ಟಿ! ಎದುರು ಮನೆಯ ಗ್ಯಾಸ್ ಸಿಲಿಂಡರ್ ಬಂದರೆ ನೀವೇ ಇಳಿಸಿಕೊಳ್ಳಬೇಕು. ಷಡ್ಡಕನ ಆಧಾರ್ ತಿದ್ದುಪಡಿಗೆ ಪಾಳಿಯಲ್ಲಿ ನೀವೇ ನಿಲ್ಲಬೇಕು. ಓಣಿಯ ಹುಡುಗರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟಿಗೆ ನಾಡಕಚೇರಿಗೆ ನೀವೇ ಎಡತಾಕಬೇಕು. ಎಲ್ಲರದೂ ಒಂದೇ ಮಾತು: 'ಹೆಂಗೂ ಖಾಲಿ ಅದೀರಲ್ರಿ ಸರ.' ಅರ್ಜಿ ಬರೆಸಿಕೊಳ್ಳುವವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. 'ನೀವು ಕತಿ ಬರಿಯವ್ರು, ನಿಮಗೇನ್ರಿ, ಎರಡು ನಿಮಿಷದ ಕೆಲಸ.' ನೌಕರಿ ಹೋದ ಮೇಲೆ ನಿಮ್ಮ ದಿನ ನಿಮ್ಮದಾಯಿತು ಅಂತೀರಲ್ಲ, ಎಲ್ಲಿ ಆಯಿತು? ಮೊದಲು ಒಬ್ಬ ಮಾಲೀಕ ಇದ್ದ. ಈಗ ಓಣಿ ತುಂಬ ಮಾಲೀಕರು.

ನಿಮ್ಮ ಗೆಳೆಯರ ಮಾತಿನಲ್ಲೂ ಹುರುಳಿದೆ, ಇಲ್ಲ ಅನ್ನುವುದಿಲ್ಲ. 'ನರಬಲಿ' ಪದ್ಯಕ್ಕಾಗಿ ಬೇಂದ್ರೆಯವರು ಜೈಲು ಕಂಡರು. ಹೊರಗೆ ಬಂದ ಮೇಲೆ ವರ್ಷಗಟ್ಟಲೆ ಗಟ್ಟಿ ನೌಕರಿ ಸಿಗಲಿಲ್ಲ. 'ನಾದಲೀಲೆ' ಬಂದದ್ದು 1938ರಲ್ಲಿ, ಆ ಕಷ್ಟದ ದಿನಗಳಲ್ಲೇ. ಬರೆಯುವವನಿಗೆ ನೌಕರಿ ಬೇಕು ಅನ್ನುವ ನನ್ನ ವಾದಕ್ಕೆ ಇಲ್ಲಿ ಪೆಟ್ಟು ಬೀಳುತ್ತದೆ, ಒಪ್ಪಿದೆ. ಆದರೆ ಬೇಂದ್ರೆಯವರು ನೌಕರಿ ಬೇಡ ಅಂದಿದ್ದರಾ? 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಕರೆದಾಗ ಧಾರವಾಡ ಬಿಟ್ಟು ಹೋದರು, 1956ರವರೆಗೂ ಅಲ್ಲೇ ಪಾಠ ಹೇಳಿದರು. ನಮ್ಮ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಎರಡು ತಾಸಿನ ದಾರಿ. ನಿಮ್ಮ ಗೆಳೆಯರು ಒಮ್ಮೆ ಹೋಗಿ ನೋಡಿಕೊಂಡು ಬರಲಿ. ಗಳಗನಾಥರು ಮಾಸ್ತರಿಕೆ ಬಿಟ್ಟು ಬರಹವನ್ನೇ ನಂಬಿದರು ನಿಜ. ಕೊನೆಗೆ ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದೂ ನೌಕರಿಯೇ, ಸಂಬಳ ಇಲ್ಲದ ನೌಕರಿ.

ಬರೆಯುವವನಿಗೆ ಬೇರೆ ಒಂದು ಕೆಲಸ ಇರಲೇಬೇಕು. ಇದನ್ನು ನಾನು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಕೇಳಿ ಕೇಳಿ ನನ್ನ ಮನೆಯವರಿಗೆ ಸಾಕಾಗಿದೆ, ಈಗ ನಿಮ್ಮ ಸರದಿ.

ಡಿಗ್ರಿ ಮುಗಿಸಿದ ಮೇಲೆ ನಾನೂ ಗಂಜಿನಲ್ಲಿ ಲೆಕ್ಕ ಬರೆದವನೇ. ಒಂದು ಅಡತಿ ಅಂಗಡಿಯಲ್ಲಿ ಒಂದೂವರೆ ವರ್ಷ ಕೀರ್ದಿ ಬರೆದೆ. ಕವಿ ಆಗಬೇಕಾದವನು ಚೀಲ ಎಣಿಸುತ್ತಿದ್ದೇನಲ್ಲ ಅಂತ ಆಗ ಅವಮಾನ ಅನ್ನಿಸುತ್ತಿತ್ತು. ತೊಗರಿ ಸುಗ್ಗಿ ಅಂದರೆ ಗೊತ್ತಲ್ಲ, ಡಿಸೆಂಬರ್ ಮುಗಿಯುವ ಹೊತ್ತಿಗೆ ಗಂಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಖರೀದಿದಾರ ರಾಶಿಯಿಂದ ನಾಲ್ಕು ಕಾಳು ತೆಗೆದು ಹಲ್ಲಲ್ಲಿ ಕಡಿಯುತ್ತಾನೆ. 'ಹಸಿ ಅದ' ಅನ್ನುತ್ತಾನೆ. ಅಷ್ಟು ಸಾಕು, ಕ್ವಿಂಟಲಿಗೆ ಇಷ್ಟು ಕಡಿಮೆ. ಬೆಳೆದವನ ಮುಖ ನೋಡಬೇಕು ಆಗ.

ಒಂದು ದಿನ ಜೇವರ್ಗಿ ಕಡೆಯ ಮುದುಕನೊಬ್ಬ ಏಳು ಚೀಲ ಮಾರಿ, ದುಡ್ಡು ಮೂರು ಸಲ ಎಣಿಸಿ, ನನ್ನ ಪಕ್ಕ ಬಂದು ಕೂತ. 'ತಮ್ಮಾ, ಮಗ ಪುಣೆದಾಗ ಅದಾನ, ಒಂದು ಕಾಗದ ಬರಿ' ಅಂದ. ಆ ವರ್ಷ ಅವನ ಹೊಲದಲ್ಲಿ ಅರ್ಧ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿತ್ತು. ಅದನ್ನೇ ಬರೆಯಲು ಹೊರಟೆ. ಕೈ ಹಿಡಿದ. 'ನೆಟೆ ಹೋಗಿದ್ದು ಬರಿಬ್ಯಾಡ. ಹುಡುಗ ನೌಕರಿ ಬಿಟ್ಟು ಬಂದು ಬಿಡ್ತಾನ. ಮಳಿ ಛಲೋ ಆಗ್ಯಾದ ಅಂತ ಬರಿ.' ಬರೆದೆ. ಆಮೇಲೆ ನಾಲ್ಕೈದು ಕತೆ ಬರೆದಿದ್ದೇನೆ, ಆ ಎರಡು ಸಾಲಿನ ಕಾಗದದ ಹತ್ತಿರಕ್ಕೆ ಒಂದೂ ಬಂದಿಲ್ಲ. 2022ರ ಕೊನೆಗೆ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗಕ್ಕೆ ಹೊಲ ಹೊಲವೇ ಒಣಗಿ ನಿಂತಾಗ ಆ ಮುದುಕ ನೆನಪಾದ. ಸುದ್ದಿ ಎಷ್ಟು ಬಂತು! ನೀವೇ ಪುಟ ಕಟ್ಟಿರಬೇಕು. ಒಂದು ಒಳ್ಳೆ ಕತೆ ಬಂತಾ?

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ತೊಗರಿಯ ಕಣಜ ಅಂತ ಭಾಷಣಗಳಲ್ಲಿ ಮಾತ್ರ ಹೇಳುತ್ತಿದ್ದೇವೆ. ಕಣಜದ ಒಳಗೆ ಕೂತು ಬರೆದವರು ಎಷ್ಟು ಜನ? ನಿಮ್ಮನ್ನು ಅಲ್ಲಿಗೇ ಕರೆದು ಕುರ್ಚಿ ಕೊಡುತ್ತಿದ್ದಾರೆ. ಸಂಬಳ ಬೇರೆ ಕೊಡುತ್ತಾರೆ. ನಿಮಗೆ ಅನುಮಾನ!

ಗೀತಾ ನಾಗಭೂಷಣ ಅವರನ್ನು ನೆನೆಸಿಕೊಳ್ಳಿ. ನಮ್ಮೂರಿನ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕೂಲಿಕಾರನ ಮಗಳು. ಗುಮಾಸ್ತೆಯಾಗಿ ಶುರು ಮಾಡಿ, ಕೆಲಸ ಮಾಡುತ್ತಲೇ ಓದಿ, ಮುಂದೆ ಕಾಲೇಜಿನಲ್ಲಿ ಪಾಠ ಹೇಳಿದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ ಅವರು, 2004ರಲ್ಲಿ. ಫೈಲು ಬರೆದ ಕೈಯೇ ಅದೂ. ಆ ಮಿಲ್ಲಿನ ಭೋಂಗಾ (ಸೈರನ್) ನಿಂತು ದಶಕಗಳಾದವು. ಅಲ್ಲಿ ಒಂದೇ ಏಟಿಗೆ ಮನೆಗೆ ಬಂದವರು ನಿಮ್ಮ ಹಾಗೆ ಆರು ಜನ ಅಲ್ಲ. ಅವರ ಎಂಟನೆಯ ತಿಂಗಳು ಹೇಗಿತ್ತು ಅಂತ ಯಾರೂ ಕೇಳಿ ಬರೆದಿಟ್ಟಿಲ್ಲ. ಈಗ ನಿಮಗೆ ಗೊತ್ತಿದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆ ಗೊತ್ತೇ ಇರುತ್ತದೆ. ಕಲ್ಯಾಣದಲ್ಲಿ ಮಾರಯ್ಯ ಶರಣರ ಮಾತು ಕೇಳುತ್ತಾ ಮೈಮರೆತು ಕೂತಿದ್ದ. ಅಕ್ಕಿ ಆಯಲು ಹೋಗುವುದೇ ಮರೆತಿದ್ದ. ಹೆಂಡತಿ ಬಂದು ಹೇಳಿದ್ದು 'ಕಾಯಕ ನಿಂದಿತ್ತು ಹೋಗಯ್ಯಾ' ಎಂದು. ನಿಮ್ಮ ಮನೆಯವರು ಟ್ಯೂಷನ್ ಹೇಳಿ ಮನೆ ನಡೆಸುತ್ತಿದ್ದಾರೆ, ನಿಮಗೆ ಒಂದು ಮಾತೂ ಅಂದಿಲ್ಲ ಅಂತ ಬರೆದಿದ್ದೀರಿ. ಅವರು ಅನ್ನದೆ ಇರುವುದು ದೊಡ್ಡತನ. ಅದರ ಮೇಲೆ ಎಷ್ಟು ದಿನ ಕೂರುತ್ತೀರಿ?

ನೌಕರಿ ಬಿಟ್ಟು ಬರೆದೇ ಬದುಕಬಾರದಾ ಅಂದರೆ, ಲೆಕ್ಕ ಹಾಕೋಣ. ನೀವೂ ಲೆಕ್ಕ ಬರೆಯಲು ಹೋಗುವವರೇ ತಾನೆ. ನಿಮ್ಮ ಕಥಾಸಂಕಲನ ಬಂತು ಅಂತಿಟ್ಟುಕೊಳ್ಳಿ. ಬೆಲೆ 150 ರೂಪಾಯಿ. ಈಗ 300 ಪ್ರತಿ ಅಚ್ಚಾದರೆ ಅದೇ ಜಾಸ್ತಿ. ಎಲ್ಲವೂ ಮಾರಿ, ಪ್ರಕಾಶಕರು ಶೇ 10ರ ಗೌರವಧನ ಪ್ರಾಮಾಣಿಕವಾಗಿ ಕೊಟ್ಟರೆ 4,500 ರೂಪಾಯಿ. ಮೂರು ವರ್ಷದ ರಾತ್ರಿಗಳಿಗೆ! ಅದೂ ಗ್ರಂಥಾಲಯದ ಸಗಟು ಖರೀದಿ ಹಣ ಬಂದ ಮೇಲೆ ಅನ್ನುತ್ತಾರೆ. ಆ ಹಣ ಬರುವಷ್ಟರಲ್ಲಿ ಎರಡನೆಯ ಪುಸ್ತಕ ಬರೆಯಬಹುದು.

1928ರಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷರಾಗಿದ್ದ ಸಾಹಿತ್ಯ ಸಮ್ಮೇಳನ ಇದೇ ಊರಲ್ಲಿ ಆಯಿತು. ಆಮೇಲೆ 1949, 1987, ಮತ್ತೆ 2020ರ ಫೆಬ್ರವರಿ. ನಾಲ್ಕು ಸಮ್ಮೇಳನ ಕಂಡ ಊರಿದು. ಬರೀ ಬರವಣಿಗೆಯಿಂದ ಮನೆ ಬಾಡಿಗೆ ಕಟ್ಟಿದ ಒಬ್ಬರನ್ನು ತೋರಿಸಿ, ನಾನೇ ಹೋಗಿ ಕಾಲು ಮುಟ್ಟುತ್ತೇನೆ. ಕಾರ್ಯಕ್ರಮಕ್ಕೆ ಕರೆಯುತ್ತಾರೆ. ಪೆಂಡಾಲಿನವನಿಗೆ ಮುಂಗಡ, ಮೈಕಿನವನಿಗೆ ಮುಂಗಡ, ಊಟದವನಿಗೆ ಮುಂಗಡ. ಮಾತಾಡಲು ಬಂದವನಿಗೆ ಶಾಲು. ನನ್ನ ಮನೆಯಲ್ಲಿ 31 ಶಾಲುಗಳಿವೆ, 42 ಡಿಗ್ರಿ ಬಿಸಿಲಿನ ಊರಲ್ಲಿ! ಬಸ್ ಚಾರ್ಜ್ ಕೇಳಿದರೆ 'ಸಾಹಿತ್ಯ ಸೇವೆ ಅಲ್ವಾ ಸರ' ಅನ್ನುತ್ತಾರೆ. ನೌಕರಿ ಇಲ್ಲದವನಿಗಂತೂ ಕೇಳುವ ಬಾಯಿಯೇ ಇರುವುದಿಲ್ಲ. ಮುನ್ನುಡಿ ಬರೆದುಕೊಡಿ, ಕರಡು ತಿದ್ದಿಕೊಡಿ, ನಿರೂಪಣೆ ಮಾಡಿಕೊಡಿ, ಹೆಂಗೂ ಖಾಲಿ ಅದೀರಲ್ರಿ. ನಿಮ್ಮ ಜೇಬಿನಲ್ಲಿ ಮಿಲ್ಲಿನ ಸಂಬಳ ಇದ್ದರೆ ಇವರಿಗೆ 'ಆಗಲ್ಲ' ಅನ್ನಬಹುದು. ನನಗೆ ಈ ಮಾತು ಬಾಯಿಗೆ ಬರಲು ಐವತ್ತು ದಾಟಬೇಕಾಯಿತು.

ರಾಜಾಶ್ರಯದ ಕಾಲ ಬೇರೆ ಇತ್ತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಹುಟ್ಟಿದ್ದು ಇಲ್ಲೇ ಸೇಡಂ ತಾಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಈಗ ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಇದೆ. ಗಂಜು ಬೇಡವಾದರೆ ಅಲ್ಲಿಗೂ ಒಂದು ಅರ್ಜಿ ಹಾಕಿ.

ಬೆಂಗಳೂರಿಗೆ ಹೋಗಲಾ ಅಂತ ಮೂರನೆಯ ಪುಟದಲ್ಲಿ ಕೇಳಿದ್ದೀರಿ. ಹೋಗಬೇಡಿ. ನಿಮ್ಮ ಕೆಲಸ ಹೋಯಿತು, ನೀವೂ ಅದರ ಹಿಂದೆ ಹೋದರೆ ಹೇಗೆ?

ಸೋಮವಾರವೇ ಮಿಲ್ಲಿಗೆ ಹೋಗಿ ಹೂಂ ಅಂದುಬಿಡಿ. ಹಳೆಯ ಕಚೇರಿಯವರು ಗ್ರಾಚ್ಯುಟಿ ಲೆಕ್ಕ ಕೊಟ್ಟಿದ್ದಾರಾ, ಅದನ್ನೂ ಕೇಳಿ. ವರ್ಷಕ್ಕೆ 15 ದಿನದ ಸಂಬಳ ಅದು, 14 ವರ್ಷಕ್ಕೆ ಸಣ್ಣ ಮೊತ್ತ ಆಗುವುದಿಲ್ಲ. ಕೇಳಲು ಸಂಕೋಚ ಅಂತ ಸುಮ್ಮನಿದ್ದರೆ ನನಗೆ ಸಿಟ್ಟು ಬರುತ್ತದೆ. ಆ ಪೆನ್ಸಿಲ್ ಸುತ್ತುಗಳ ಪ್ರಸಂಗ ಇದೆಯಲ್ಲ, ಅದನ್ನು ಯಾರಿಗೂ ಬಾಯಲ್ಲಿ ಹೇಳಿ ಮುಗಿಸಬೇಡಿ. ಬರೆದು ನನಗೆ ಕಳಿಸಿ.

ಈಗ ಬಿಟ್ಟಿದ್ದ ಸಾಲು: 'ನಿಮ್ಮಲ್ಲಿ ಬಂದ ನನ್ನ ಎರಡು ಕತೆಗಳ ಗೌರವಧನ ಇನ್ನೂ ಬಂದಿಲ್ಲ, ನೆನಪಿಸಲು ಮುಜುಗರ.' ರಶೀದಿ ಪುಸ್ತಕ ತೆಗೆದು ನೋಡಿದೆ. ಎರಡಲ್ಲ, ಮೂರು. ಶುಕ್ರವಾರ ಮನಿಯಾರ್ಡರ್ ಮಾಡೋಣ ಅಂತಿದ್ದೆ, ನಮ್ಮ ಹುಡುಗ ನಕ್ಕು ಫೋನ್ ಪೇ ನಂಬರ್ ಕೇಳಿ ಅಂದ. ನಂಬರ್ ಕಳಿಸಿ.